ಏಪ್ರಿಲ್ ಹತ್ತರ ಊಟ

ಈ ಕಡೆ ತಲೆ ಹಾಕಿ ಬಹಳ ದಿನಗಳಾಗಿಬಿಟ್ಟವು. ಕೆಲಸ, ಸೋಮಾರಿತನ ಎರಡೂ ಕಾರಣ. ಒಂದಿಬ್ಬರು ಗೆಳೆಯರು "ಏನ್ ಸ್ವಾಮಿ, ಅಂಗಡಿ ಮುಚ್ಚಿದ್ರಾ?" ಅಂತ ಮೇಲ್ ಮಾಡಿ ಕೇಳಿದ ಮೇಲೆ ನಾಚಿಕೆಯಾಗಿ ಕೂತಿದ್ದೇನೆ. ಬರೆಯಬೇಕು ಅಂದುಕೊಂಡಿದ್ದ ವಿಷಯ ಮಾತ್ರ 2024ರ ಬೇಸಿಗೆಯಿಂದಲೂ ತಲೆಯಲ್ಲಿ ಸುತ್ತುತ್ತಲೇ ಇದೆ.

ಆ ವರ್ಷ ಮೇ ತಿಂಗಳಲ್ಲಿ ಊರಿಗೆ ಹೋಗಿದ್ದೆ. ನಮ್ಮೂರು ಮಳವಳ್ಳಿ ತಾಲ್ಲೂಕಿನಲ್ಲಿ, ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗ. ಮಂಡ್ಯ ಜಿಲ್ಲೆ ಅಂದರೆ ಹಸಿರು ಗದ್ದೆ, ಕಬ್ಬು, ಆಲೆಮನೆ ಅಂತ ಸಿನಿಮಾ ನೋಡಿದವರು ತಿಳಿದುಕೊಂಡಿರುತ್ತಾರೆ. ನಾಲೆಯ ಕೊನೆಯಲ್ಲಿರುವವರನ್ನು ಕೇಳಿ ನೋಡಿ. ನೀರು ಬರುತ್ತದೆ ಅನ್ನುವ ಸುದ್ದಿ ಮೊದಲು ಬರುತ್ತದೆ, ನೀರು ಆಮೇಲೆ, ಬಂದರೆ. ಆ ವರ್ಷ ಸುದ್ದಿಯೂ ಇರಲಿಲ್ಲ. ಹೊಲವೆಲ್ಲ ಬಿರುಕು ಬಿಟ್ಟು ಮಲಗಿತ್ತು.

ಮಧ್ಯಾಹ್ನ ಬಿಸಿಲಲ್ಲಿ ಸ್ಕೂಲಿನ ಮುಂದೆ ಹಾದು ಹೋಗುವಾಗ ಒಗ್ಗರಣೆ ವಾಸನೆ ಮೂಗಿಗೆ ಬಡಿಯಿತು. ರಜೆಯಲ್ಲಿ ಸ್ಕೂಲಿನಲ್ಲಿ ಒಗ್ಗರಣೆ! ಇಣುಕಿ ನೋಡಿದರೆ ಹತ್ತು ಹದಿನೈದು ಮಕ್ಕಳು ಜಗುಲಿಯ ನೆರಳಲ್ಲಿ ತಟ್ಟೆ ಇಟ್ಟುಕೊಂಡು ಕೂತಿದ್ದವು. ಯೂನಿಫಾರ್ಮ್ ಇಲ್ಲ, ಬ್ಯಾಗಿಲ್ಲ, ಮೇಷ್ಟ್ರ ಭಯವಿಲ್ಲ. ಅನ್ನ, ಸಾರು. ಬಡಿಸುತ್ತಿದ್ದ ಅಕ್ಕ ನನ್ನನ್ನು ನೋಡಿ, "ಬಾ ಅಣ್ಣ, ಒಂದ್ ತುತ್ತು ಉಣ್ಣು ಬಾ. ಬರ ಅಂತ ಸರ್ಕಾರದೋರು ರಜದಲ್ಲೂ ಇಕ್ಸವ್ರೆ" ಅಂದರು. ನಾನು "ಬ್ಯಾಡ ಬುಡಕ್ಕ, ಈಗ ಉಂಡೆ" ಅಂದೆ. ಪಕ್ಕದಲ್ಲಿದ್ದ ಒಬ್ಬ ಪೋರ ಇನ್ನೂ ಅಕ್ಷರ ಕಲಿಯುವ ವಯಸ್ಸಿನವನಲ್ಲ, ಅಕ್ಕನ ತಟ್ಟೆಗೇ ಕೈ ಹಾಕಿ ಉಣ್ಣುತ್ತಿದ್ದ. ಯಾರೂ ಅವನ ಹೆಸರು ಹಾಜರಿ ಪುಸ್ತಕದಲ್ಲಿ ಇದೆಯೇ ಅಂತ ಕೇಳಲಿಲ್ಲ.

"ಬರ ಇಲ್ದಿದ್ರೆ?" ಅಂತ ಕೇಳಿದೆ. "ಬರ ಇಲ್ದಿದ್ರೆ ಏಪ್ರಿಲ್ ಹತ್ತಕ್ಕೇ ಕೊನೆ ಊಟ ಅಲ್ವಾ ಅಣ್ಣ?" ಅಂದರು, ಇದೇನು ಇಷ್ಟೂ ಗೊತ್ತಿಲ್ಲವೇ ಅನ್ನುವ ಹಾಗೆ.

ಈ ಮಾತು ನನ್ನನ್ನು ಎಲ್ಲಿಂದೆಲ್ಲಿಗೋ ಕರೆದುಕೊಂಡು ಹೋಯಿತು. ಹಸಿವಿಗೂ ಬರಕ್ಕೂ ಗಂಟು ಹಾಕಿದ್ದು ಯಾರು? ಯಾವಾಗ? ಬೆಂಗಳೂರಿಗೆ ಬಂದ ಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಸ್ವಲ್ಪ ಉದ್ದವಾದರೆ ಬೈಯಬೇಡಿ.

ಗಂಟು ಹಾಕಿದವರನ್ನು ಹುಡುಕಿಕೊಂಡು ಹೊರಟರೆ ನೇರ 1876ಕ್ಕೆ ಹೋಗಬೇಕು. ನಮ್ಮ ಕಡೆ ಹಳಬರು 'ಧಾತು ಈಶ್ವರದ ಬರ' ಅನ್ನುತ್ತಿದ್ದರು. ಧಾತು ಸಂವತ್ಸರದಲ್ಲಿ ಶುರುವಾಗಿ ಈಶ್ವರ ಸಂವತ್ಸರದಲ್ಲೂ ಮುಂದುವರಿದದ್ದಕ್ಕೆ ಆ ಹೆಸರು. ಆಗ ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು. ಮಂಡ್ಯ ಅನ್ನುವ ಜಿಲ್ಲೆಯೇ ಇರಲಿಲ್ಲ (ಅದು ಆದದ್ದು 1939ರಲ್ಲಿ), ಕನ್ನಂಬಾಡಿ ಕಟ್ಟೆಯೂ ಇರಲಿಲ್ಲ. ಮಳೆ ಕೈ ಕೊಟ್ಟರೆ ಕೆರೆ ಬತ್ತಿತು, ಕೆರೆ ಬತ್ತಿದರೆ ಮುಗಿಯಿತು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷ ಬಿಟ್ಟು 1881ರಲ್ಲಿ ಎಣಿಸಿದಾಗ 41,86,188. ಬೆಳೆಯಬೇಕಾಗಿದ್ದ ಸಂಖ್ಯೆ ಎಂಟೂವರೆ ಲಕ್ಷಕ್ಕೂ ಮೀರಿ ಕುಗ್ಗಿತ್ತು. ಐದು ಆರು ಜನ ಇದ್ದ ಮನೆಯಲ್ಲಿ ಒಬ್ಬರು ಇಲ್ಲ ಅಂತ ಲೆಕ್ಕ ಹಾಕಿಕೊಳ್ಳಿ.

ಆಗ ಸರ್ಕಾರ ಮಾಡಿದ್ದು ಎರಡು ಕೆಲಸ. ಗಟ್ಟಿಮುಟ್ಟಾದವರಿಗೆ ಕೂಲಿ, ಕೆಲಸ ಮಾಡಲಾಗದವರಿಗೆ ಗಂಜಿ. ರಸ್ತೆ, ಕೆರೆ, ರೈಲು ದಾರಿ ಅಂತ ಕೂಲಿ ಕೆಲಸ ಹುಟ್ಟಿಸಿದರು. ನಾವು ಈವತ್ತು ಬೆಂಗಳೂರಿಂದ ಮೈಸೂರಿಗೆ ಹೋಗುವ ರೈಲು ದಾರಿ ಇದೆಯಲ್ಲ, ಮದ್ದೂರು, ಮಂಡ್ಯದ ಮೇಲೆ, ಅದಕ್ಕೂ ಆ ಬರದ ಕಾಲದ ಕೂಲಿಯ ಮಣ್ಣು ಬಿದ್ದಿದೆ. ದಾರಿ ಮೈಸೂರು ಮುಟ್ಟಿದ್ದು 1882ರಲ್ಲಿ. ಮುಂದೆ ಅದೇ ದಾರಿಯ ಮದ್ದೂರು ಸ್ಟೇಷನ್ನಿನಲ್ಲಿ ವಡೆ ಮಾರಿ ಮದ್ದೂರು ಹೆಸರಾಯಿತು! ರೈಲಿನಲ್ಲಿ ಕೂತು ವಡೆ ಮುರಿಯುವಾಗ ಇದೊಂದು ವಿಷಯ ನನಗೆ ಈಗ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಇನ್ನು ಗಂಜಿ. ಅದು ಯಾರಿಗೆ? ಮಕ್ಕಳಿಗೆ, ಮುದುಕರಿಗೆ, ಏಳಲಾಗದವರಿಗೆ. ಬರ ಮುಗಿದ ಮೇಲೆ 1880ರಲ್ಲಿ ಕ್ಷಾಮ ಆಯೋಗದ ವರದಿ ಬಂತು, ಅದರ ಹಿಂದೆಯೇ ಕ್ಷಾಮ ಸಂಹಿತೆಗಳು ಬಂದವು. ಯಾವಾಗ ಕ್ಷಾಮ ಅಂತ ಸಾರಬೇಕು, ಸಾರಿದ ಮೇಲೆ ಯಾರಿಗೆ ಕೂಲಿ, ಯಾರಿಗೆ ಬಿಟ್ಟಿ ಊಟ, ಯಾವಾಗ ನಿಲ್ಲಿಸಬೇಕು, ಎಲ್ಲಕ್ಕೂ ನಿಯಮ. ಅದು ಸಣ್ಣ ಸಾಧನೆಯಲ್ಲ, ಅದಕ್ಕೆ ಮೊದಲು ಇಷ್ಟು ಕ್ರಮವಾದ ನಿಯಮ ಇರಲಿಲ್ಲ. ಆದರೆ ಅಲ್ಲಿ ಒಂದು ವಿಚಾರ ಗಟ್ಟಿಯಾಗಿ ಕೂತುಬಿಟ್ಟಿತು. ಮಗುವಿಗೆ ಸರ್ಕಾರ ಅನ್ನ ಹಾಕುವುದು ಮಗು ಹಸಿದಿದೆ ಅಂತಲ್ಲ, ಸೀಮೆಗೆ ಬರ ಬಂದಿದೆ ಅಂತ ಕಾಗದದ ಮೇಲೆ ಸಹಿ ಬಿದ್ದಿದೆ ಅಂತ. ನಮ್ಮೂರಿನ ಅಕ್ಕ 2024ರಲ್ಲಿ ಹೇಳಿದ್ದು ಇದನ್ನೇ.

ಈಗ ನನ್ನ ಕಾಲಕ್ಕೆ ಬರುತ್ತೇನೆ. ಎಪ್ಪತ್ತರ ದಶಕದಲ್ಲಿ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ 'ಕೇರ್ ಉಪ್ಪಿಟ್ಟು' ಅಂದರೆ ಸಾಕು, ವಾಸನೆ ಸಮೇತ ನೆನಪಾಗುತ್ತದೆ. ಕೇರ್ ಅನ್ನುವುದು 1945ರಲ್ಲಿ, ಎರಡನೇ ಮಹಾಯುದ್ಧದಲ್ಲಿ ನಲುಗಿದ ಯೂರೋಪಿಗೆ ಊಟದ ಪೊಟ್ಟಣ ಕಳಿಸಲು ಅಮೆರಿಕದಲ್ಲಿ ಹುಟ್ಟಿದ ಸಂಸ್ಥೆ. ಆಮೇಲೆ ಅದು ಭಾರತಕ್ಕೂ ಬಂತು. 1954ರ ಪಿಎಲ್ 480 ಕಾನೂನಿನಡಿ ಅಮೆರಿಕದ ಹೆಚ್ಚುವರಿ ಗೋಧಿ, ಹಾಲಿನ ಪುಡಿ, ಎಣ್ಣೆ ಹಡಗು ಹತ್ತಿ ಬರುತ್ತಿದ್ದವು. ಗೋಧಿಯನ್ನು ಬೇಯಿಸಿ, ಒಣಗಿಸಿ, ನುಚ್ಚು ಮಾಡಿದ ಬಲ್ಗರ್ ಅನ್ನುವ ಪದಾರ್ಥ ನಮ್ಮ ಪಾಲಿಗೆ ಬರೀ 'ಅಮೆರಿಕ ಗೋಧಿ'. ಅದರ ಜೊತೆಗೆ ಜೋಳ, ಸೋಯಾ, ಹಾಲಿನ ಪುಡಿ ಬೆರೆಸಿದ ಹಳದಿ ಹಿಟ್ಟು. ಡಬ್ಬದ ಎಣ್ಣೆ. ಡಬ್ಬದ ಮೇಲೆ ಎರಡು ಕೈ ಕುಲುಕುವ ಚಿತ್ರ. ಖಾಲಿ ಡಬ್ಬಕ್ಕೆ ಊರಲ್ಲಿ ಎಷ್ಟು ಬೇಡಿಕೆ ಅಂತೀರಿ!

ರಾಗಿ ಮುದ್ದೆ, ಉಪ್ಸಾರು ತಿಂದು ಬೆಳೆದ ನಮಗೆ ಆ ಉಪ್ಪಿಟ್ಟು ಮೊದಮೊದಲು ಅಂಟು ಅಂಟಾಗಿ ಕಂಡರೂ ಆಮೇಲೆ ಅದೇ ಅಮೃತ. ಮುತ್ತುಗದ ಎಲೆಯಲ್ಲೋ, ಕೈಯಲ್ಲೋ, ಸ್ಲೇಟಿನ ಮೇಲೋ ಹಾಕಿಸಿಕೊಂಡು ತಿಂದಿದ್ದೇವೆ. ಸ್ಲೇಟನ್ನು ಆಮೇಲೆ ಒರೆಸಿಕೊಂಡು ಲೆಕ್ಕ. ನಮ್ಮ ಜೊತೆ ಓದುತ್ತಿದ್ದ ಒಬ್ಬಳು ತನ್ನ ಪಾಲಿನ ಅರ್ಧವನ್ನು ಲಂಗದ ಚುಂಗಿನಲ್ಲಿ ಕಟ್ಟಿಕೊಂಡು ಮನೆಗೆ ಒಯ್ಯುತ್ತಿದ್ದಳು, ತಮ್ಮನಿಗೆ. ಎಣ್ಣೆಯ ಕಲೆ ಲಂಗದ ಮೇಲೆ ಹಾಗೇ ಉಳಿದಿರುತ್ತಿತ್ತು. ನಾವು ಅದಕ್ಕೆ ನಗುತ್ತಿದ್ದೆವು. ಈಗ ಬರೆಯುವಾಗ ಕೈ ನಡುಗುತ್ತದೆ.

ಆದರೆ ಬೇಸಿಗೆ ರಜೆ ಬಂತೆಂದರೆ ಉಪ್ಪಿಟ್ಟು ಬಂದ್. ನಾವು ಮಾಡುತ್ತಿದ್ದುದೇನು? ಹುಣಸೆ ಮರ ಬಡಿಯುವ ಕಡೆ ಹೋದರೆ ಸೇರಿನ ಲೆಕ್ಕದಲ್ಲಿ ಏನಾದರೂ ಸಿಗುತ್ತಿತ್ತು. ಮಾವಿನ ಕಾಯಿ ಕದಿಯುವುದು, ಉಪ್ಪು ಖಾರ ಹಚ್ಚಿ ತಿನ್ನುವುದು. ಇದ್ದವರ ಮನೆಯ ಮಕ್ಕಳು ಅಜ್ಜಿ ಮನೆಗೆ ಹೋಗುತ್ತಿದ್ದರು. ಇಲ್ಲದವರ ಮಕ್ಕಳೂ ಹೋಗುತ್ತಿದ್ದರು, ಆದರೆ ಅದರ ಅರ್ಥ ಬೇರೆ. ಇಲ್ಲಿ ಉಣ್ಣುವ ಬಾಯಿ ಒಂದು ಕಡಿಮೆ ಆಗಲಿ ಅಂತ. 'ಅಜ್ಜಿ ಮನೆ' ಅಂತ ನಾವೆಲ್ಲ ಬ್ಲಾಗುಗಳಲ್ಲಿ ಕಣ್ಣೀರು ತುಂಬಿಕೊಂಡು ಬರೆಯುತ್ತೇವಲ್ಲ (ನಾನೂ ಬರೆದಿದ್ದೇನೆ), ಅದರ ಈ ಇನ್ನೊಂದು ಮುಖವನ್ನು ನಾನು ಯಾವತ್ತೂ ಬರೆದಿರಲಿಲ್ಲ.

ಹೊಳೆಯಾಚೆಗಿನ ಒಂದು ಸಂಗತಿ ಇಲ್ಲೇ ಹೇಳಿಬಿಡಬೇಕು. 1975ರ ಅಕ್ಟೋಬರ್ 2ರಂದು ದೇಶದಲ್ಲಿ 33 ಕಡೆ ಅಂಗನವಾಡಿ ಯೋಜನೆ ಪ್ರಯೋಗಕ್ಕೆ ಶುರುವಾಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಮಳವಳ್ಳಿಯ ಪಕ್ಕದ ತಿರುಮಕೂಡಲು ನರಸೀಪುರವನ್ನು. ಆರು ವರ್ಷದೊಳಗಿನ ಮಕ್ಕಳಿಗೆ ಆಹಾರ. ಅಂಗನವಾಡಿ ಶಾಲೆಯ ಹಾಗೆ ಬೇಸಿಗೆಯಲ್ಲಿ ಎರಡು ತಿಂಗಳ ಹತ್ತಿರ ಹತ್ತಿರ ಬಾಗಿಲು ಹಾಕುವುದಿಲ್ಲ. ಹಾಗಾಗಿ ನಾಲ್ಕು ವರ್ಷದ ತಮ್ಮನಿಗೆ ಬೇಸಿಗೆಯಲ್ಲೂ ಏನೋ ಸಿಗುತ್ತದೆ, ಏಳು ವರ್ಷದ ಅಕ್ಕನಿಗೆ ಇಲ್ಲ. ಒಂದನೇ ಕ್ಲಾಸಿಗೆ ಹೆಸರು ಹಚ್ಚಿದ ಕೂಡಲೆ ಹೊಟ್ಟೆಗೂ ಬೇಸಿಗೆ ರಜೆ ಸಿಗುತ್ತದೆ ಅಂತ ಯಾರು ಕಂಡುಹಿಡಿದರೋ.

ಕೇರ್ ಉಪ್ಪಿಟ್ಟಿನ ಕಾಲ ಮುಗಿಯಿತು. ಮದ್ರಾಸಿನಲ್ಲಿ ಕಾಮರಾಜರು 1956ರಲ್ಲೇ ಶಾಲೆ ಊಟ ಶುರು ಮಾಡಿದ್ದರು, ಎಂಜಿಆರ್ 1982ರಲ್ಲಿ ಅದನ್ನು ದೊಡ್ಡದು ಮಾಡಿದರು. ನಮ್ಮಲ್ಲಿ ಬಹಳ ಕಾಲ ಅಷ್ಟಕ್ಕಷ್ಟೆ. 1995ರ ಆಗಸ್ಟ್ 15ರಿಂದ ಕೇಂದ್ರದ ಯೋಜನೆ ಬಂದಾಗಲೂ ಕರ್ನಾಟಕದ ಮಕ್ಕಳಿಗೆ ಸಿಕ್ಕಿದ್ದು ಬೇಯಿಸಿದ ಅನ್ನವಲ್ಲ, ತಿಂಗಳಿಗೆ 3 ಕೆಜಿ ಅಕ್ಕಿ, ಅದೂ ಹಾಜರಿ ಶೇಕಡಾ 80 ಇದ್ದರೆ. ಆ ಅಕ್ಕಿ ಮನೆಯ ಮಡಕೆಗೆ ಬಿದ್ದು ಎಲ್ಲರ ಹೊಟ್ಟೆಗೂ ಒಂದೊಂದು ತುತ್ತಾಗಿ ಹಂಚಿಹೋಗುತ್ತಿತ್ತು. ತಪ್ಪೇನಿಲ್ಲ. ಆದರೆ ಅದು ಶಾಲೆ ಊಟವಲ್ಲ.

ಬದಲಾದದ್ದು 2001ರಲ್ಲಿ. ರಾಜಸ್ಥಾನದಲ್ಲಿ ಬರ, ಸರ್ಕಾರದ ಗೋದಾಮುಗಳಲ್ಲಿ ಧಾನ್ಯ ಕೊಳೆಯುವಷ್ಟು ದಾಸ್ತಾನು. ಪಿಯುಸಿಎಲ್ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಯಿತು. ಆ ವರ್ಷ ನವೆಂಬರ್ 28ರಂದು ಕೋರ್ಟು ಹೇಳಿತು: ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೂ ಬೇಯಿಸಿದ ಊಟ ಕೊಡಿ, ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನು, ವರ್ಷಕ್ಕೆ ಕನಿಷ್ಠ 200 ದಿನ. ಈ 200 ಅನ್ನುವ ಅಂಕಿಯನ್ನು ಗಮನಿಸಿ. ವರ್ಷಕ್ಕೆ 365 ದಿನ ಅಂತ ನಮ್ಮ ಸ್ಕೂಲಲ್ಲಿ ಹೇಳಿಕೊಟ್ಟಿದ್ದರು.

ಕರ್ನಾಟಕದಲ್ಲಿ 2002ರ ಜೂನ್‌ನಲ್ಲಿ ಬೀದರ್, ಗುಲ್ಬರ್ಗ, ರಾಯಚೂರು ಸೇರಿದ ಹಾಗೆ ಈಶಾನ್ಯದ ಏಳು ಜಿಲ್ಲೆಗಳಲ್ಲಿ 'ಅಕ್ಷರ ದಾಸೋಹ' ಶುರುವಾಯಿತು. ಆಗ ಮುಖ್ಯಮಂತ್ರಿ ನಮ್ಮ ಮದ್ದೂರು ತಾಲ್ಲೂಕು ಸೋಮನಹಳ್ಳಿಯ ಎಸ್.ಎಂ. ಕೃಷ್ಣ. ಅವರನ್ನು ಐಟಿ ಮುಖ್ಯಮಂತ್ರಿ ಅಂತ ಎಲ್ಲರೂ ನೆನೆಯುತ್ತಾರೆ, ಮಂಡ್ಯದ ಕಡೆ ಕಾವೇರಿ ಪಾದಯಾತ್ರೆಗೆ ನೆನೆಯುತ್ತಾರೆ, ಸೋತದ್ದಕ್ಕೂ ನೆನೆಯುತ್ತಾರೆ. ಬಿಸಿಯೂಟಕ್ಕೆ ನೆನೆಯುವವರು ಕಡಿಮೆ. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಬಂದ ಬರಹಗಳಲ್ಲಿ ನಾನು ಇದನ್ನೇ ಹುಡುಕಿದೆ, ಸಾಫ್ಟ್‌ವೇರ್ ಮುಂದೆ ಸಾಂಬಾರಿಗೆ ಅಷ್ಟು ಜಾಗ ಸಿಕ್ಕಿರಲಿಲ್ಲ. ಮಂಡ್ಯಕ್ಕೂ ಉಳಿದ ಜಿಲ್ಲೆಗಳಿಗೂ ಬಿಸಿಯೂಟ ಬಂದದ್ದು 2003ರಲ್ಲಿ, ಮೊದಲು ಐದನೇ ಕ್ಲಾಸಿನ ತನಕ, ಮರುವರ್ಷ ಏಳರ ತನಕ, 2007ರಲ್ಲಿ ಹತ್ತರ ತನಕ. ಮೂರು ವರ್ಷ ಒಂದೇ ಸಮನೆ ಬರ ಬಿದ್ದು, ಕಾವೇರಿ ಜಗಳವೂ ಸೇರಿ ಮಂಡ್ಯ ಸೀಮೆ ಸುಟ್ಟ ಹಂಚಾಗಿದ್ದ ಹೊತ್ತು ಅದು. ಚಿಕ್ಕ ಮಕ್ಕಳಿಗೆ ತಲಾ 100 ಗ್ರಾಂ ಅಕ್ಕಿ, ದೊಡ್ಡವರಿಗೆ 150 ಗ್ರಾಂ. ಮುದ್ದೆ ನಾಡಿನಲ್ಲಿ ಅನ್ನವೇ ಊಟ ಅಂತ ಯಾರೋ ತೀರ್ಮಾನಿಸಿದ್ದು. ರಾಗಿಗೆ ಶಾಲೆಯೊಳಗೆ ಬರಲು 2024ರ ತನಕ ಕಾಯಬೇಕಾಯಿತು, ಅದೂ ಹಾಲಿನ ಜೊತೆ ಕಲಸಿದ ಮಾಲ್ಟ್ ರೂಪದಲ್ಲಿ!

ಈಗ ಬೇಸಿಗೆಯ ವಿಷಯ. 2004ರ ಏಪ್ರಿಲ್ 20ರಂದು ಅದೇ ಪಿಯುಸಿಎಲ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಆದೇಶ ಕೊಟ್ಟಿತು. ಅದರಲ್ಲಿ ಎರಡು ಮಾತು ನನಗೆ ಬಹಳ ಮುಖ್ಯವಾಗಿ ಕಂಡವು. ಒಂದು, ಅಡುಗೆಯವರನ್ನು ನೇಮಿಸುವಾಗ ದಲಿತರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದ್ಯತೆ ಕೊಡಬೇಕು ಅನ್ನುವುದು. ನಮ್ಮ ಊರುಗಳಲ್ಲಿ ಯಾರ ಕೈಯ ನೀರು ಯಾರು ಕುಡಿಯಬೇಕು ಅನ್ನುವುದು ಎಷ್ಟು ಆಳಕ್ಕೆ ಇಳಿದಿತ್ತು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ನಮ್ಮ ಕೇರ್ ಉಪ್ಪಿಟ್ಟಿನ ಸಾಲು ಕೂಡ ಎರಡು ಸಾಲೇ ಆಗಿತ್ತು, ಯಾರೂ ಹೇಳದೆ ತಾನಾಗಿ ಆಗುತ್ತಿತ್ತು. 2024ರಲ್ಲಿ ಆ ಜಗುಲಿಯ ಮೇಲೆ ಒಂದೇ ಸಾಲು ಇತ್ತು. ಎಲ್ಲ ಕಡೆ ಹಾಗಿದೆ ಅಂತ ಹೇಳುವಷ್ಟು ಮುಗ್ಧ ನಾನಲ್ಲ, ಅಡುಗೆಯವರ ಜಾತಿ ನೋಡಿ ಮಕ್ಕಳನ್ನು ಬಿಡಿಸಿಕೊಂಡು ಹೋದ ಸುದ್ದಿ ಈಗಲೂ ಪೇಪರಿನಲ್ಲಿ ಬರುತ್ತದೆ.

ಎರಡನೆಯದು, ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಊಟ ಕೊಡಬೇಕು ಅನ್ನುವುದು. ಒಳ್ಳೆಯ ಆದೇಶ. ಆದರೆ ಕ್ಷಾಮ ಸಂಹಿತೆಯ ಆ ಹಳೆಯ ಗಂಟು ನೋಡಿ, ಹಾಗೇ ಇದೆ. 2013ರ ಆಹಾರ ಭದ್ರತಾ ಕಾಯ್ದೆ ಬಂದಾಗ ಬಿಚ್ಚಬಹುದಿತ್ತು. ಆ ಕಾಯ್ದೆಯ 5ನೇ ಸೆಕ್ಷನ್ನು ಶಾಲೆ ಮಕ್ಕಳಿಗೆ ಪ್ರತಿದಿನ ಉಚಿತ ಊಟದ ಹಕ್ಕು ಕೊಡುತ್ತದೆ, ಶಾಲೆಯ ರಜಾದಿನಗಳನ್ನು ಬಿಟ್ಟು. ಬಿಟ್ಟು! ಒಂದು ಪದದಲ್ಲಿ ಎರಡು ತಿಂಗಳ ಹತ್ತಿರ ಹೋಯಿತು. 2016ರಲ್ಲಿ ಸ್ವರಾಜ್ ಅಭಿಯಾನದ ಕೇಸಿನಲ್ಲಿ, ಕರ್ನಾಟಕವೂ ಅದರಲ್ಲಿ ಒಂದು ಕಕ್ಷಿ, ಬರಪೀಡಿತ ರಾಜ್ಯಗಳಲ್ಲಿ ಬೇಸಿಗೆ ಊಟ ಕೊಡಿ, ವಾರಕ್ಕೆ ಮೂರು ದಿನವಾದರೂ ಮೊಟ್ಟೆಯೋ ಹಾಲೋ ಕೊಡಿ ಅಂತ ಕೋರ್ಟು ಮತ್ತೆ ಹೇಳಬೇಕಾಯಿತು. ತೀರ್ಪು ಬಂದದ್ದು ಮೇ 13ಕ್ಕೆ. ರಜೆ ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು.

ಬರವಿಲ್ಲದೆಯೂ ಬೇಸಿಗೆ ಊಟದ ಮಾತು ಬಂದದ್ದು 2020ರಲ್ಲಿ. ಕೊರೊನಾ ಬಂದು ಮಾರ್ಚಿನಲ್ಲೇ ಶಾಲೆ ಮುಚ್ಚಿದ್ದವು. ಏಪ್ರಿಲ್ ಕೊನೆಯಲ್ಲಿ ಕೇಂದ್ರ ಸರ್ಕಾರ ಬೇಸಿಗೆ ರಜೆಗೂ ಮಧ್ಯಾಹ್ನದ ಊಟವೋ ಅದರ ಬದಲು ದಿನಸಿಯೋ ಕೊಡಬಹುದು ಅಂತ ವಿಶೇಷ ಅನುಮತಿ ಕೊಟ್ಟಿತು. ಅಂದರೆ ಮನಸ್ಸು ಮಾಡಿದರೆ ಆಗುತ್ತದೆ ಅಂತಾಯಿತಲ್ಲ?

2023ರಲ್ಲಿ ಮುಂಗಾರು ಕೈ ಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಸಾರಿತು. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಅದರಲ್ಲಿದ್ದವು. ಹಾಗಾಗಿ 2024ರ ಏಪ್ರಿಲ್ 11ರಿಂದ ಮೇ 28ರ ತನಕ, ಭಾನುವಾರ ಕಳೆದು 41 ದಿನ, ಬೇಸಿಗೆ ಬಿಸಿಯೂಟ. ನಾನು ನೋಡಿದ್ದು ಅದನ್ನೇ.

"ಇಷ್ಟೇ ಮಕ್ಕಳಾ?" ಅಂತ ಆವತ್ತು ಕೇಳಿದ್ದೆ. "ಅರ್ಧ ಹೈಕ್ಳು ಅಜ್ಜಿ ಊರ್‌ಗೋದೋ. ಇನ್ ಕೆಲವರ ಅಪ್ಪ ಅವ್ವಂಗೆ ನಾಚ್ಕೆ. ಬಿಸ್ಲು ಬೇರೆ" ಅಂದರು. ಆಮೇಲೆ ಬೆಂಗಳೂರಿನ ಒಬ್ಬ ಗೆಳೆಯನಿಗೆ ಇದನ್ನು ಹೇಳಿದರೆ, "ನೋಡು, ಬರೋರೇ ಇಲ್ಲ ಅಂದ್ಮೇಲೆ ಯಾಕೆ? ಮನೇಲಿ ಅನ್ನಭಾಗ್ಯದ ಅಕ್ಕಿ ಇರುತ್ತಲ್ಲ" ಅಂದ. ಜಗಳ ಆಡಿದೆ. ಅಕ್ಕಿ ಇರುತ್ತದೆ ನಿಜ. ಬೆಳಗ್ಗೆ ಏಳಕ್ಕೆ ಅವ್ವ ಕೂಲಿಗೆ ಹೋದರೆ ಅಕ್ಕಿ ತಾನಾಗಿ ಅನ್ನವಾಗುವುದಿಲ್ಲ. ಏಳೆಂಟು ವರ್ಷದ ಹುಡುಗಿ ಒಲೆ ಹಚ್ಚುತ್ತಾಳೆ. ಬೇಳೆ, ತರಕಾರಿ ಆ ಚೀಲದಲ್ಲಿ ಬರುವುದಿಲ್ಲ. ಇನ್ನು ಬರುವವರು ಹದಿನೈದೇ ಮಂದಿ ಅಂದರೆ, ಬೇರೆ ದಾರಿಯೇ ಇಲ್ಲದವರು ಆ ಹದಿನೈದು ಮಂದಿ ಅಂತ ಅರ್ಥ. ಅವರಿಗೇ ಅಲ್ಲವೇ ಬೇಕಿರುವುದು?

ತಮಾಷೆ ಅಂದರೆ, ನಮಗೆ ಉಪ್ಪಿಟ್ಟಿನ ಗೋಧಿ ಕಳಿಸಿದ ಅಮೆರಿಕದಲ್ಲಿ ಬೇಸಿಗೆ ರಜೆಯ ಊಟಕ್ಕೇ ಬೇರೆ ಯೋಜನೆ ಇದೆ. 1968ರಲ್ಲಿ ಪ್ರಯೋಗವಾಗಿ ಶುರುವಾಗಿ 1975ರಲ್ಲಿ ಪ್ರತ್ಯೇಕ ಕಾರ್ಯಕ್ರಮವಾಯಿತು. ನಾನು ಮುತ್ತುಗದ ಎಲೆಯಲ್ಲಿ ಅವರ ಗೋಧಿ ತಿನ್ನುತ್ತಿದ್ದ ಕಾಲಕ್ಕೇ! ಬಡವರಿರುವ ಬಡಾವಣೆಯ ಪಾರ್ಕು, ಚರ್ಚು, ಶಾಲೆಗಳಲ್ಲಿ ಊಟ, ಹದಿನೆಂಟರೊಳಗಿನ ಯಾವ ಮಗು ಬಂದರೂ ಸೈ. ಅಲ್ಲಿಯೂ ಬರುವ ಮಕ್ಕಳು ಕಡಿಮೆ ಅನ್ನುವ ಗೊಣಗಾಟ ಇದ್ದೇ ಇದೆ. ಅದಕ್ಕೆ ಅವರು ಯೋಜನೆ ನಿಲ್ಲಿಸಲಿಲ್ಲ, 2024ರಿಂದ ಪ್ರತಿ ಬಡ ಮಗುವಿಗೂ ಬೇಸಿಗೆಯಲ್ಲಿ ದಿನಸಿ ಕೊಳ್ಳಲು ತಿಂಗಳಿಗೆ 40 ಡಾಲರಿನ ಕಾರ್ಡು ಸೇರಿಸಿದರು, ಕೆಲವು ರಾಜ್ಯಗಳು ಬೇಡ ಅಂದರೂ. ಅಲ್ಲಿ ಯಾರೂ ಮಳೆ ಬಂತೇ ಇಲ್ಲವೇ ಅಂತ ನೋಡುವುದಿಲ್ಲ. ಅಮೆರಿಕವನ್ನು ಹೊಗಳಲು ಇದನ್ನು ಬರೆದಿಲ್ಲ, ಅವರ ಬೇರೆ ಲೆಕ್ಕಗಳು ಬೇರೆ ಇವೆ.

ಇನ್ನೊಂದು ಮಾತು ಬಿಟ್ಟುಹೋಗುತ್ತಿತ್ತು. ಅಡುಗೆಯವರ ಸಂಭಾವನೆ. ಕೇಂದ್ರ 2009ರಲ್ಲಿ ಗೊತ್ತು ಮಾಡಿದ್ದು ತಿಂಗಳಿಗೆ 1000 ರೂಪಾಯಿ, ವರ್ಷಕ್ಕೆ ಹತ್ತು ತಿಂಗಳು. ರಾಜ್ಯ ತನ್ನ ಪಾಲು ಸೇರಿಸಿ ಹೆಚ್ಚು ಕೊಡುತ್ತದೆ, ಅದು ಬೇರೆ. ಆದರೆ ಆ 'ಹತ್ತು ತಿಂಗಳು' ನೋಡಿ. ಉಣ್ಣುವ ಮಗುವಿಗೂ ರಜೆ, ಬೇಯಿಸುವ ತಾಯಿಗೂ ರಜೆ. ಬಹಳ ಕಡೆ ಇಬ್ಬರೂ ಒಂದೇ ಮನೆಯವರು.

2024ರ ಮಳೆಗಾಲ ಚೆನ್ನಾಗಿ ಹಿಡಿಯಿತು. ಕನ್ನಂಬಾಡಿ ತುಂಬಿತು, ಬಾಗಿನ ಬಿಟ್ಟರು, ನಾಲೆಯಲ್ಲಿ ನೀರು ಹರಿಯಿತು, ನಮ್ಮೂರಿನ ತನಕವೂ ಬಂತು. ಊರಿಂದ ಫೋನು ಮಾಡಿದ ತಮ್ಮ ಖುಷಿಯಲ್ಲಿ ಕೂಗಿ ಹೇಳಿದ. ನನಗೂ ಖುಷಿಯಾಯಿತು. ಫೋನಿಟ್ಟ ಮೇಲೆ ಆ ಜಗುಲಿ ನೆನಪಾಯಿತು. ಮುಂದಿನ ಏಪ್ರಿಲ್‌ಗೆ ಬರ ಇಲ್ಲ ಅಂತಾಯಿತು.

ಅಕ್ಕನ ತಟ್ಟೆಗೆ ಕೈ ಹಾಕಿ ಉಣ್ಣುತ್ತಿದ್ದ ಆ ಪೋರ ಈ ಹೊತ್ತಿಗೆ ಒಂದನೇ ಕ್ಲಾಸಿಗೆ ಸೇರಿರಬೇಕು.

ನಿಮ್ಮಲ್ಲಿ ಯಾರಾದರೂ ಕೇರ್ ಉಪ್ಪಿಟ್ಟು ತಿಂದವರಿದ್ದರೆ ಬರೆಯಿರಿ, ನಿಮ್ಮ ಕಡೆ ಅದನ್ನು ಏನಂತ ಕರೆಯುತ್ತಿದ್ದಿರಿ, ಬೇಸಿಗೆಯಲ್ಲಿ ಏನು ತಿನ್ನುತ್ತಿದ್ದಿರಿ ಅಂತ. ಆ ಎಣ್ಣೆ ಡಬ್ಬ ಯಾರ ಮನೆಯಲ್ಲಾದರೂ ಇನ್ನೂ ಉಳಿದಿದ್ದರೆ ಒಂದು ಫೋಟೋ ಹಾಕಿ. ನಮ್ಮ ಮನೆಯಲ್ಲಿ ಬಹಳ ವರ್ಷ ಅದರಲ್ಲಿ ಹುರುಳಿಕಾಳು ತುಂಬಿಟ್ಟಿದ್ದರು.